ಅಂಗಾತ ಇಟ್ಟ ರೆಕ್ಕೆಗಳು

“ಸಿದ್ದೂ! ಬಾಗಿಲು ತೆಗೀತೀಯೋ, ಇಲ್ಲಾ ನಾನೇ ಒದ್ದು ತೆಗೀಲೋ?”

ಒಳಗೆ ಕುರ್ಚಿ ಉರುಳಿದ ಸದ್ದು. ಆಮೇಲೆ ಬರಿಗಾಲಿನ ಓಟ.

“ಅಮ್ಮಾ? ವೈ ಆರ್ ಯೂ ಹಿಯರ್?”

ಸಿದ್‌ನ ಅಮ್ಮ ಸುಪ್ರಿಯಾ ಅಲ್ಲಿರಲಿಲ್ಲ. ಹಲ್ಲಿನ ಡಾಕ್ಟರಾದ ಆಕೆ ಆ ಹೊತ್ತಿನಲ್ಲಿ ಲಾಂಗ್ ಐಲ್ಯಾಂಡಿನ ಜೆರಿಕೋದಲ್ಲಿ ಯಾರದೋ ಬಾಯಿ ತೆಗೆಸುತ್ತಿದ್ದರು. ಮಗನ ಬಾಯಿ ತೆಗೆಸಲು ಬಂದವಳು ನನ್ನ ಹೆಂಡತಿ ಭಾನುಮತಿ. ಕಾರಿನಲ್ಲಿ ಬರುತ್ತಾ ಸುಪ್ರಿಯಾಗೆ ಫೋನ್ ಮಾಡಿ ‘ನಿಮ್ಮ ಮಗನ ಆಫೀಸು ಎಲ್ಲಿ ಬರುತ್ತೆ?’ ಎಂದು ಕೇಳಿದ್ದಳು. ವಿಳಾಸದ ಜೊತೆ ಧ್ವನಿಯನ್ನೂ ಇಸಿದುಕೊಂಡಿದ್ದಳು. ಒಮ್ಮೆ ಕೇಳಿದ ಧ್ವನಿಯನ್ನು ಹಾಗೇ ಆಡಿ ತೋರಿಸುವುದು ಅವಳ ವಿದ್ಯೆ.

ಬಾಗಿಲು ತೆರೆಯಿತು. ಹುಡುಗ ನಮ್ಮಿಬ್ಬರನ್ನೂ ನೋಡಿದ, ನಮ್ಮ ಬೆನ್ನ ಹಿಂದೆ ಅಮ್ಮನನ್ನು ಹುಡುಕಿದ. ಪೂರ್ತಿ ಹೆಸರು ಸಿದ್ಧಾರ್ಥ. ಆದರೆ ಯಾವುದಕ್ಕೂ ಸಿದ್ಧನಿರಲಿಲ್ಲ.

“ಆಂಟಿ, ದಟ್ಸ್ ಇಲ್ಲೀಗಲ್!”

“ಅಮ್ಮನ ಧ್ವನಿ ಕದ್ದರೆ ಇಲ್ಲೀಗಲ್ಲು, ಅಜ್ಜನ ಧ್ವನಿ ಕದ್ದರೆ ಸ್ಟಾರ್ಟಪ್ಪಾ?” ಎಂದು ಭಾನು ಒಳಗೆ ನುಗ್ಗಿದಳು. ಹೊಸ್ತಿಲಲ್ಲಿ ಹುಡುಗನ ಒಂದು ಶೂ ಮಗುಚಿ ಬಿದ್ದಿತ್ತು. ನಡೆಯುತ್ತಲೇ ಕಾಲ್ಬೆರಳಿನಿಂದ ಅದನ್ನು ನೆಟ್ಟಗೆ ಮಾಡಿದಳು. ಅವಳಿಗೂ ಅದು ಗೊತ್ತಾಗಲಿಲ್ಲ, ನನಗೂ ಆಗ ಅದು ಮುಖ್ಯವೆನಿಸಲಿಲ್ಲ.

ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ಎಪ್ಪತ್ನಾಲ್ಕನೇ ಬೀದಿ. ಕೆಳಗೆ ಸೀರೆ ಅಂಗಡಿ, ಮೇಲೆ ಮನುಷ್ಯರ ಧ್ವನಿಯನ್ನು ಕಂಪ್ಯೂಟರಿನಲ್ಲಿ ನಕಲು ಮಾಡುವ ಸಿದ್‌ನ ಒಂದೇ ಕೋಣೆಯ ಕಂಪನಿ. ಬೀದಿಯ ಕೊನೆಯಲ್ಲಿ, ಕಂಬಗಳ ಮೇಲೆ ಏಳನೇ ನಂಬರಿನ ರೈಲು ಆಗಾಗ ಹಾದು ಕಿಟಕಿಯ ಗಾಜನ್ನು ನಡುಗಿಸುತ್ತಿತ್ತು. ಕಾರು ನಿಲ್ಲಿಸಲು ಜಾಗ ಸಿಗದೆ, ಹಣ್ಣಿನ ವ್ಯಾನಿನ ಪಕ್ಕ ಅಡ್ಡಲಾಗಿ ನಿಲ್ಲಿಸಿ ಬಂದಿದ್ದೆ. ಇಳಿದು ಹೋಗಿ ನೋಡಲೇ ಎಂದು ಕೇಳಿದರೆ ಭಾನು ಕಣ್ಣಲ್ಲೇ ‘ಕೂತ್ಕೊಳ್ಳಿ’ ಎಂದಳು. ಕೂರಲಿಲ್ಲ. ಕಿಟಕಿಯ ಬಳಿ ನಿಂತೆ.

ಮೈಸೂರಿನಲ್ಲಿ ವಿಮಾ ಕಂಪನಿಗೆ ಸುಳ್ಳು ಕ್ಲೇಮು ಹಿಡಿದುಕೊಡುವುದು ಅವಳ ಕೆಲಸವಾಗಿತ್ತು. ವಿಮೆ ಬಿಟ್ಟವಳು ಈಗ ವಿಮಾನದವರ ಬೆನ್ನು ಹತ್ತಿದ್ದಳು.

ವಿಮಾನದವರು ಎಂದರೆ ಲೆಸ್ಟರ್ ಡಬ್ರೋವ್‌ಸ್ಕಿ. ನೂರು ದಾಟಿದ ಮುದುಕ, ಮಹಾಯುದ್ಧದ ಬಾಂಬರ್ ವಿಮಾನವೊಂದರ ಎಂಜಿನ್ ನೋಡಿಕೊಳ್ಳುತ್ತಿದ್ದವರು. ಮಂಗಳವಾರ ಬೆಳಿಗ್ಗೆ, ನ್ಯೂಜೆರ್ಸಿಯ ನಮ್ಮ ಹಿಲ್ಸ್‌ಬರೋದ ಪೆರಿವಿಂಕಲ್ ಕೋರ್ಟ್ ಎಂಬ ಹಿರಿಯರ ವಸತಿಯಿಂದ ಹೊರಗೆ ಹೋದವರು ಮರಳಿರಲಿಲ್ಲ. ಇವತ್ತು ಗುರುವಾರ. ಎದೆಯ ಮಾತ್ರೆಗಳು ಅವರ ಕೋಣೆಯಲ್ಲೇ ಉಳಿದಿದ್ದವು. ಹೊರಗೆ ನವೆಂಬರಿನ ಚಳಿ.

ಪೊಲೀಸರು ಮೊದಲ ದಿನ ಹುಡುಕಿದರು. ಅಂದು ಸಂಜೆ ವಸತಿಯ ರಿಸೆಪ್ಷನ್ ಮುಂಗಟ್ಟೆಗೆ ಲೆಸ್ಟರ್ ಧ್ವನಿಯಲ್ಲೇ ಫೋನು ಬಂತು, ರೆಕಾರ್ಡೂ ಆಯಿತು. ಅಲ್ಲಿಗೆ ಪೊಲೀಸರ ಹುಡುಕಾಟ ತಣ್ಣಗಾಯಿತು. ತಣ್ಣಗಾಗದವಳು ಅಲ್ಲಿನ ನರ್ಸ್ ಕ್ಷಮಾ ಒಬ್ಬಳೇ. ಧಾರವಾಡದ ಹುಡುಗಿ. ಎಲ್ಲಿದ್ದಾರೆಂದು ತೋರಿಸುವ, ಅಜ್ಜನ ಕೈಯ ಟ್ರ್ಯಾಕರ್ ಪಟ್ಟಿಯನ್ನು ಬಿಚ್ಚಿಟ್ಟವಳು ಅವಳೇ.

“ಮಾತ ಕೊಟ್ಟಾವರಿಗೆ ಬೇಡಿ ಯಾಕ್ರಿ ಆಂಟಿ?” ಎಂದು ಬುಧವಾರ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಿದ್ದಳು. “ಅಜ್ಜಾರು ಸಿಗಲಿಲ್ಲಂದ್ರ ನನ್ನ ಕೆಲಸ ಹೋಗ್ತದ. ಕೆಲಸ ಹೋದ್ರ ವೀಸಾ ಹೋಗ್ತದ. ಅದೂ ಹೋಗ್ಲಿ ಬಿಡ್ರಿ, ಮಾತ್ರಿ ಇಲ್ಲದ ಅವರ ಜೀವ ಹೋಗ್ತದ.”

ಅಳು ಮುಗಿದ ಮೇಲೆ ತನ್ನ ಫೋನನ್ನು ಭಾನುವಿನ ಕೈಗಿಟ್ಟಿದ್ದಳು. ಅಜ್ಜನಿಗೆ ಬಾಯಿಪಾಠವಿರುವ ನಂಬರು ಅದೊಂದೇ, ಪಟ್ಟಿ ಬಿಚ್ಚಿದ್ದಕ್ಕೆ ನಾನು ಆಫೀಸಿನ ವಿಚಾರಣೆಯ ಗದ್ದಲದಲ್ಲಿರುತ್ತೇನೆ, ಅವರು ಮಾಡಿದರೆ ನೀವು ಎತ್ತಿ ಎಂದು.

“ಸಿದ್, ಮಂಗಳವಾರ ಸಂಜೆ ಬಂದ ಫೋನು ನಿನ್ನ ಮಷೀನಿನದು,” ಎಂದಳು ಭಾನು.

“ನೋ.”

“ಕೇಳು.” ಅವಳು ಗಂಟಲು ಸರಿಮಾಡಿಕೊಂಡಳು. ಮರುಕ್ಷಣ ಆ ಕೋಣೆಯಲ್ಲಿ ನ್ಯೂಜೆರ್ಸಿಯ ಮುದುಕನೊಬ್ಬ ಇಂಗ್ಲಿಷಿನಲ್ಲಿ ಗೊರಗೊರ ಎಂದ. ಕನ್ನಡದಲ್ಲಿ ಹೀಗಾಗುತ್ತದೆ: “ನಾನು ಸುಖವಾಗಿದ್ದೇನೆ. ನೆಂಟರ ಮನೆಗೆ ಬಂದಿದ್ದೇನೆ. ವಾರದೊಳಗೆ ಮರಳುತ್ತೇನೆ. ಇದು ನನ್ನ ಮಾತು.”

ಸಿದ್ ಬೆಚ್ಚಿದ. “ಆಂಟಿ, ಯೂ ಆರ್ ಸ್ಕೇರಿ.”

“ನಾನು ಧ್ವನಿ ಕದಿಯೋಳು. ಇನ್ನೊಬ್ಬ ಕಳ್ಳನ್ನ ಕಂಡ್ರೆ ಗೊತ್ತಾಗುತ್ತೆ. ಧ್ವನಿ ಸರಿಯಾಗಿದೆ. ಆದರೆ ಲೆಸ್ಟರಜ್ಜ ಹೊರಗಡೆಯಿಂದ ಮಾತು ಕೊಡಲ್ಲ. ಯಾವತ್ತೂ ಕೊಟ್ಟಿಲ್ಲ.”

ಆ ಪದ್ಧತಿಯ ಮೂಲ ಸ್ವಿಟ್ಜರ್ಲೆಂಡು. ಲೆಸ್ಟರ್ ಇದ್ದ ಬಾಂಬರು ಪೆಟ್ಟು ತಿಂದು ಅಲ್ಲಿ ಇಳಿಯಿತು. ಅದು ತಟಸ್ಥ ದೇಶ. ಯಾರ ಕಡೆಗೂ ಸೇರದು, ಹಾಗೆಂದು ಬಂದವರನ್ನು ಯುದ್ಧಕ್ಕೆ ಹಿಂದಕ್ಕೂ ಕಳಿಸದು. ವಿಮಾನದವರನ್ನು ಬೆಟ್ಟದ ಮೇಲಿನ ಹೋಟೆಲೊಂದರಲ್ಲಿ ಇಟ್ಟುಕೊಂಡಿತು. ಸಂಜೆಯೊಳಗೆ ಬರುತ್ತೇನೆಂದು ಮಾತು ಕೊಟ್ಟರೆ ಊರು ಸುತ್ತಬಹುದು. ಮಾತು ಕೊಟ್ಟು ಓಡಿಹೋದರೆ ಮಾನಗೇಡು. ಮಾತು ಕೊಡದೆ ಓಡಿಹೋದರೆ ಅದು ಸೈನಿಕನ ಧರ್ಮ.

ಆ ಹೋಟೆಲಿನ ಬಾಗಿಲಲ್ಲಿ ಒಂದು ತಟ್ಟೆ. ಹೊರಗೆ ಹೋಗುವವನು ತನ್ನ ರೆಕ್ಕೆಯ ಪಿನ್ನನ್ನು, ಅಂದರೆ ವಿಮಾನದವರ ಲಾಂಛನವನ್ನು, ಅದರಲ್ಲಿಟ್ಟು ಮಾತು ಕೊಡಬೇಕು. ಮರಳಿ ಬಂದು ಎತ್ತಿಕೊಳ್ಳಬೇಕು. ಲೆಸ್ಟರ್ ಆ ಪದ್ಧತಿಯನ್ನು ಪೆರಿವಿಂಕಲ್ ಕೋರ್ಟಿಗೂ ತಂದಿದ್ದರು. ಪಕ್ಕದ ಅಂಗಡಿಗೆ ಹೋಗುವಾಗಲೂ ಮುಂಗಟ್ಟೆಯ ತಟ್ಟೆಯಲ್ಲಿ ಪಿನ್ನು.

ನನಗೆ ಈ ತಟಸ್ಥರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಮ್ಮನಿಗೂ ಭಾನುವಿಗೂ ಯುದ್ಧ ನಡೆಯುವಾಗ ನಾನು ಸ್ವಿಟ್ಜರ್ಲೆಂಡಾಗಿದ್ದೆ. ಎರಡೂ ಕಡೆಯ ವಿಮಾನಗಳು ನನ್ನ ಮೇಲೇ ಬಂದು ಬೀಳುತ್ತಿದ್ದವು.

“ಓಕೆ,” ಎಂದ ಸಿದ್ ಕೊನೆಗೆ. “ವಾಯ್ಸ್ ನಂದೇ. ಐ ಮೀನ್, ನನ್ನ ಮಷೀನ್‌ದು. ಬಟ್ ನಾನು ಟೈಪ್ ಮಾಡಿಲ್ಲ. ಅಲ್ಲಿನವರ ಕಥೆಗಳನ್ನ ರೆಕಾರ್ಡ್ ಮಾಡೋಕೆ ಪೆರಿವಿಂಕಲ್‌ನವರು ನನ್ನ ಹೈರ್ ಮಾಡಿದ್ರು. ಅವರಿಗೆ ಒಂದು ಲಾಗಿನ್ ಕೊಟ್ಟಿದೀನಿ. ಆ ಲಾಗಿನ್‌ನಿಂದ ಯಾರು ಏನು ಟೈಪ್ ಮಾಡಿದ್ರೂ ಅದು ಲೆಸ್ಟರ್ ವಾಯ್ಸಲ್ಲಿ ಮಾತಾಡುತ್ತೆ.”

“ಆ ಲಾಗಿನ್ ಯಾರ ಹೆಸರಲ್ಲಿದೆ?”

ಅವನು ನೆಲ ನೋಡಿದ.

“ಸಿದ್ದೂ!” ಎಂದಿತು ಸುಪ್ರಿಯಾ ಧ್ವನಿ.

“ಪ್ಲೀಸ್ ಡೋಂಟ್ ಡೂ ದಟ್! ಕ್ಷಮಾ. ಕ್ಷಮಾ ಅಕ್ಕನ ಹೆಸರಲ್ಲಿದೆ.”

ರೈಲು ಬಂತು. ಅದು ಇನ್ನೂ ಉದ್ದವಾಗಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ.

“ಇನ್ನೊಂದು ಸುಳ್ಳಿದೆ,” ಎಂದಳು ಭಾನು. “ಮಂಗಳವಾರ ನೀನು ಹಿಲ್ಸ್‌ಬರೋಗೆ ಬಂದೇ ಇರಲಿಲ್ಲ ಅಂತ ಪೊಲೀಸರಿಗೆ ಹೇಳಿದೀಯ. ಕ್ಯಾಮೆರಾದ ಚೀಲದ ಮೇಲೆ ಪೆರಿವಿಂಕಲ್‌ನ ವಿಸಿಟರ್ ಚೀಟಿ ಅಂಟಿದೆ. ಮಂಗಳವಾರದ್ದು. ಕಿತ್ತು ಹಾಕೋಕೂ ಸೋಮಾರಿತನವೇನೋ?”

ಹುಡುಗ ಚೀಲ ನೋಡಿದ. ನನ್ನನ್ನು ನೋಡಿದ. ಗಂಡಸರ ಸಹಾನುಭೂತಿ ಕೇಳುವ ನೋಟ. ನಾನು ತಟಸ್ಥನಾದೆ.

“ಲೆಸ್ಟರ್‌ಗೆ ಪ್ರಾಮಿಸ್ ಮಾಡಿದ್ದೆ, ಯಾರಿಗೂ ತೋರಿಸಲ್ಲ ಅಂತ,” ಎನ್ನುತ್ತಾ ಲ್ಯಾಪ್‌ಟಾಪು ತಿರುಗಿಸಿದ.

ವಿಡಿಯೋದಲ್ಲಿ ಪೆರಿವಿಂಕಲ್ ಕೋರ್ಟಿನ ಪಾರ್ಕಿಂಗ್ ಜಾಗ. ಬೆಂಚಿನ ಮೇಲೆ ಲೆಸ್ಟರಜ್ಜ, ತಲೆಗೆ ಉಣ್ಣೆಯ ಟೋಪಿ, ಟೋಪಿಯಲ್ಲಿ ಹೊಳೆಯುವ ರೆಕ್ಕೆಯ ಪಿನ್ನು. ಬೆನ್ನ ಹಿಂದೆ ಕಟ್ಟಡದ ಬಾಗಿಲು.

“ಹೋಟೆಲಿನವರು ಒಳ್ಳೆಯವರು,” ಎನ್ನುತ್ತಿದ್ದರು ಅಜ್ಜ. “ಬಿಸಿ ಸೂಪು ಕೊಡುತ್ತಿದ್ದರು. ದಯೆಯಂಥ ಬೇಲಿ ಇನ್ನೊಂದಿಲ್ಲ ಮಗು, ಹಾರಲು ಮನಸ್ಸೇ ಬಾರದು.” ಟೋಪಿಯ ಪಿನ್ನನ್ನು ಮುಟ್ಟಿದರು. “ತಟ್ಟೆಯಲ್ಲಿ ಇದನ್ನು ಬೋರಲು ಇಡಬೇಕು. ಮುಖ ಕೆಳಗೆ. ಈ ಹಕ್ಕಿ ಇವತ್ತು ಹಾರುವುದಿಲ್ಲ ಎಂದು ಅದರ ಅರ್ಥ. ಇವತ್ತು ನಾನು ಇಟ್ಟಿಲ್ಲ. ಮಾತೂ ಕೊಟ್ಟಿಲ್ಲ. ಸಂಜೆ ಇಲ್ಲಿಗೆ ಮರಳಿದರೆ ಇನ್ನೊಮ್ಮೆ ಹೊರಗೆ ಬರಲಾರೆ.”

ವಿಡಿಯೋ ಅಲ್ಲಿಗೆ ಮುಗಿಯಿತು.

“ಆಮೇಲೆ?”

“ಯಾರೋ ರೈಡ್ ಕೊಡ್ತಾರೆ, ನೀನು ಹೋಗು ಅಂದ್ರು. ನಾನು ಹೋದೆ.” ಅವನ ಕಣ್ಣು ತುಂಬಿತ್ತು. “ಐ ಶುಡ್ ಹ್ಯಾವ್ ವೇಟೆಡ್.”

ಭಾನು ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ತಿರುಗತೊಡಗಿದಳು. ಮೂರು ಹೆಜ್ಜೆ ಇಟ್ಟರೆ ಗೋಡೆ ಸಿಗುವ ಕೋಣೆ.

“ರೀ, ನಿನ್ನೆ ಪೆರಿವಿಂಕಲ್‌ನಲ್ಲಿ ಪಿನ್ನು ಎಲ್ಲಿತ್ತು?”

“ತಟ್ಟೆಯಲ್ಲಿ. ಡಾಕ್ಟರು ತೋರಿಸಿದರಲ್ಲ.”

ಬುಧವಾರ ಮಧ್ಯಾಹ್ನ ನಾವು ಅಲ್ಲಿಗೆ ಹೋಗಿದ್ದೆವು. ಜಿಂಕೆ ಹುಲ್ಲು ಮೇಯುವ ಸದ್ದೂ ಕೇಳುವಷ್ಟು ನಿಶ್ಶಬ್ದದ ಜಾಗ. ವಸತಿಯ ಮಾಲೀಕರು ನಮ್ಮ ಮೈಸೂರಿನ ಕಡೆಯವರೇ, ಡಾಕ್ಟರ್ ಮೃತ್ಯುಂಜಯ. ಮುದುಕರನ್ನು ನೋಡಿಕೊಳ್ಳುವವರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಸ್ಟೀಲಿನ ಲೋಟದಲ್ಲಿ ಫಿಲ್ಟರ್ ಕಾಫಿ ಕೊಟ್ಟು, ತಟ್ಟೆ ತೋರಿಸಿ, ‘ನೋಡಿ, ಮಾತು ಇಟ್ಟೇ ಹೋಗಿದಾರೆ, ಬರ್ತಾರೆ ಬಿಡಿ’ ಎಂದಿದ್ದರು. ಕ್ಷಮಾ ಕೂಡ ಅದನ್ನೇ ಹೇಳಿದ್ದಳು. ಮಂಗಳವಾರ ಮಧ್ಯಾಹ್ನದಿಂದ ಪಿನ್ನು ತಟ್ಟೆಯಲ್ಲೇ ಇದೆ, ನಾನೇ ಕಣ್ಣಾರೆ ಕಂಡೆ ಎಂದು.

“ಆದರೆ ಪಿನ್ನು ಟೋಪಿಯಲ್ಲಿ ಹೊರಗೆ ಬಂದಿದೆ,” ಎಂದೆ. ನನಗೂ ನಿಧಾನವಾಗಿ ಬೆಳಗಾಗುತ್ತಿತ್ತು. “ಅಂದರೆ ಯಾರೋ ಆಮೇಲೆ ಅವರಿಂದ ಕಿತ್ತು ತಂದು ತಟ್ಟೆಯಲ್ಲಿ ಇಟ್ಟಿದ್ದಾರೆ.”

“ಹೇಗೆ ಇಟ್ಟಿದ್ರು? ಬೋರಲಾ, ಅಂಗಾತವಾ?”

ಕಣ್ಣು ಮುಚ್ಚಿ ನೆನಪಿಸಿಕೊಂಡೆ. ರೆಕ್ಕೆಯ ಮೇಲಿನ ಗರಿಗಳ ಗೆರೆ ಕಂಡಿತ್ತು. ನಡುವಿನ ಉಬ್ಬಿದ ಮೊಹರು ಕಂಡಿತ್ತು. “ಅಂಗಾತ. ಮಡಿಸಿದ ಕರವಸ್ತ್ರದ ಮೇಲೆ.”

“ದಿನಾ ಅಜ್ಜ ಬೋರಲು ಇಡೋದನ್ನ ನೋಡಿದವರೇ ಇಟ್ಟಿರೋದು. ತಟ್ಟೆ ಗೊತ್ತು, ಪಿನ್ನು ಗೊತ್ತು, ಮಾತು ಗೊತ್ತು. ಎಲ್ಲಾ ಗೊತ್ತಿದ್ದೂ ಬೋರಲು ಇಡೋಕೆ ಕೈ ಬರಲಿಲ್ಲ. ಯಾಕೆ?”

“ಯಾಕೆ?” ಎಂದ ಸಿದ್.

“ನಾನು ಒಳಗೆ ಬರ್ತಾ ನಿನ್ನ ಶೂಗೆ ಏನು ಮಾಡಿದೆ?”

ಮೂವರೂ ಹೊಸ್ತಿಲ ಕಡೆ ನೋಡಿದೆವು. ಶೂ ನೆಟ್ಟಗೆ, ಸಂಭಾವಿತನಂತೆ ಕೂತಿತ್ತು.

“ನಿಂಗೆ ಮಗುಚಿ ಹಾಕೋದು ಅಂದ್ರೆ ದೋಸೆ ಮಾತ್ರ ಕಣೋ. ಇಲ್ಲಿ ಹುಟ್ಟಿದೋನು. ಶೂ ದಿನವಿಡೀ ಬೋರಲು ಬಿದ್ದಿದ್ರೂ ನಿನಗೇನೂ ಅನ್ನಿಸಲ್ಲ. ಅಲ್ಲಿ ಬೆಳೆದೋರಿಗೆ ಚಪ್ಪಲಿ ಮಗುಚಿದ್ರೆ ಮನೇಲಿ ಜಗಳ, ದೀಪ ಮಗುಚಿದ್ರೆ ಕೇಡು. ಒಬ್ಬ ಮನುಷ್ಯನ ಗುರುತನ್ನ ಮುಖ ಕೆಳಗೆ ಮಾಡಿ ಇಡು ಅಂದ್ರೆ, ಕಳ್ಳನ ಕೈಯಾದ್ರೂ ಹಿಂಜರಿಯುತ್ತೆ. ತಾನಾಗೇ ತಿರುಗಿಸಿ ಇಡುತ್ತೆ.” ಅವಳು ನಿಂತಳು. “ಇದು ಅಮೆರಿಕದ ಕೈಯಲ್ಲರೀ. ನಮ್ಮ ಕಡೆಯದು.”

ಲಾಗಿನ್ನು ಕ್ಷಮಾಳದು. ಪಿನ್ನು ಕಂಡವಳು ಕ್ಷಮಾ. ಪಟ್ಟಿ ಬಿಚ್ಚಿದವಳು ಕ್ಷಮಾ. ಧಾರವಾಡದಲ್ಲಿ ಬೆಳೆದ ಕೈ.

ನಮ್ಮ ಅಡುಗೆಮನೆಯಲ್ಲಿ ಅವಳು ಅತ್ತ ಅಳು ನನಗೆ ನೆನಪಾಯಿತು. ಅಷ್ಟು ಚೆನ್ನಾಗಿ ಯಾರೂ ಮಿಮಿಕ್ರಿ ಮಾಡಲಾರರು ಎಂದುಕೊಂಡೆ. ನನ್ನ ಹೆಂಡತಿ ಮಾಡಬಲ್ಲಳು ಎಂಬುದೂ ಜೊತೆಗೇ ನೆನಪಾಯಿತು.

“ಅವಳು ಫೋನು ಯಾಕೆ ನಮ್ಮ ಹತ್ರ ಬಿಟ್ಟಳು?” ಎಂದೆ. “ನಂಬಿಕೆ ಅಂದುಕೊಂಡಿದ್ದೆ. ಫೋನು ಜೊತೆಗಿದ್ದರೆ ಎಲ್ಲಿಗೆ ಹೋದಳು ಅಂತ ಗೊತ್ತಾಗುತ್ತೆ.”

“ಗೊತ್ತಾಗೋದು ಯಾರಿಗೆ?” ಎಂದಳು ಭಾನು. ಕ್ಷಮಾಳ ಫೋನನ್ನು ಚೀಲದಿಂದ ತೆಗೆದು ತಿರುಗಿಸಿದಳು. ಬೆನ್ನಿಗೆ ಪೆರಿವಿಂಕಲ್ ಕೋರ್ಟಿನ ಚೀಟಿ ಅಂಟಿತ್ತು. ಅದು ಆಫೀಸಿನ ಫೋನು, ಎಲ್ಲಿದೆಯೆಂದು ಆಫೀಸಿಗೇ ಗೊತ್ತಾಗುವಂಥದ್ದು.

ಅವಳ ಕೈಯಲ್ಲಿದ್ದಾಗಲೇ ಅದು ಬಡಿದುಕೊಂಡಿತು. ಗುರುತಿಲ್ಲದ ನಂಬರು.

ಭಾನು ಒಂದು ಉಸಿರು ಎಳೆದುಕೊಂಡಳು. ಬಿಡುವಾಗ ಅವಳು ಧಾರವಾಡದವಳಾಗಿದ್ದಳು. “ಹಲೋ? ಲೆಸ್ಟರಜ್ಜಾ? ಎಲ್ಲಿದ್ದೀರಿ?” ಕ್ಷಮಾಳ ಇಂಗ್ಲಿಷು, ಕ್ಷಮಾಳ ಮೂಗು, ಕ್ಷಮಾಳ ಅವಸರ. ಸ್ಪೀಕರ್ ಒತ್ತಿದಳು.

ಮೊದಲು ಬರೀ ಉಸಿರು. ಆಮೇಲೆ ಗೊರಗೊರ.

“ಚೆನ್ನಾಗಿ ಮಾಡುತ್ತೀರಿ, ಮೇಡಂ. ಆದರೆ ಕ್ಷಮಾ ನನ್ನ ಎದುರಿಗೇ ಕೂತಿದ್ದಾಳೆ.”

ಸಿದ್ ನನ್ನ ತೋಳು ಹಿಡಿದ. ಭಾನು ಅವನತ್ತ ಹುಬ್ಬು ಹಾರಿಸಿದಳು. ‘ನಿನ್ನ ಮಷೀನಾ?’ ಎಂಬ ಪ್ರಶ್ನೆ. ಅಷ್ಟರಲ್ಲಿ ಅತ್ತ ಒಂದು ಕೆಮ್ಮು, ಕಫದ, ಮುಗಿಯದ ಕೆಮ್ಮು. ಸಿದ್ ತಲೆಯಾಡಿಸಿದ. “ಮಷೀನ್ ಕೆಮ್ಮಲ್ಲ ಆಂಟಿ,” ಎಂದು ಪಿಸುಗುಟ್ಟಿದ. “ಇಟ್ಸ್ ಹಿಮ್.”

“ಅವಳ ಫೋನು ನಿಮ್ಮ ಬಳಿ ಇದೆ ಎಂದು ಅವಳೇ ಹೇಳಿದ್ದಳು,” ಎಂದರು ಅಜ್ಜ. “ಅವಳ ಚೀಲದಲ್ಲಿ ಒಂದು ಅಗ್ಗದ ಫೋನು ಸಿಕ್ಕಿತು. ನನ್ನನ್ನು ಹುಡುಕಿಕೊಂಡು ಇವತ್ತು ಬೆಳಿಗ್ಗೆ ಬಂದಳು. ಅವಳು ಒಳಗೆ ಬಂದ ಮೇಲೆ ಹೊರಗಿನಿಂದ ಮತ್ತೆ ಬೀಗ ಬಿತ್ತು. ಮೇಡಂ, ಎಷ್ಟು ಕರೆದರೂ ಅವಳು ಏಳುತ್ತಿಲ್ಲ.”

“ಉಸಿರಾಡ್ತಿದಾಳಾ?” ಭಾನು ತನ್ನ ಸ್ವಂತ ಧ್ವನಿಗೆ ಬಂದಿದ್ದಳು.

“ಹೌದು. ನಿಧಾನವಾಗಿ. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ವಿಚಾರಣೆ ಮುಗಿದ ಮೇಲೆ ದಾರಿಗೆಂದು ಡಾಕ್ಟರು ಕೊಟ್ಟದ್ದಂತೆ. ಕುಡಿದು ಮಾತಾಡುತ್ತಾ ಕೂತವಳು ಹಾಗೇ ಒರಗಿದಳು. ನಾನು ಕಾಫಿ ಕುಡಿಯುವುದಿಲ್ಲ.”

“ಸಿದ್, ನಿನ್ನ ಫೋನಲ್ಲಿ 911 ಮಾಡು!” ಹುಡುಗ ಒತ್ತತೊಡಗಿದ. “ಅಜ್ಜಾ, ನೀವು ಎಲ್ಲಿದ್ದೀರಿ?”

“ಗೊತ್ತಿಲ್ಲ. ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಅವಳೂ ಹೇಳುವ ಮೊದಲೇ… ತಡೆಯಿರಿ. ಕೇಳಿಸುತ್ತಿದೆಯೇ?”

ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ, ಚಿಕ್ಕ ವಿಮಾನವೊಂದರ ಸದ್ದು. ಟಕ-ಟಕ-ಟಕ-ಟಪ್. ಟಕ-ಟಕ-ಟಕ-ಟಪ್.

“ಒಂಟಿ ಎಂಜಿನ್ನು. ಹಾರಲು ಕಲಿಯುವವನು. ಬೆಳಿಗ್ಗೆಯಿಂದ ಇಳಿಯುತ್ತಾನೆ, ಏರುತ್ತಾನೆ, ಸುತ್ತಿ ಮತ್ತೆ ಬರುತ್ತಾನೆ. ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ. ಯಾರಾದರೂ ಅವನಿಗೆ ಹೇಳಬೇಕು.” ಮತ್ತೆ ಕೆಮ್ಮು. “ಮೇಡಂ, ಮಂಗಳವಾರ ನನ್ನ ಟೋಪಿ ಕಿತ್ತುಕೊಂಡು ಹೋದವನು…”

ಲೈನು ಸತ್ತಿತು. ಮತ್ತೆ ಮಾಡಿದರೆ ಗಂಟೆಯೂ ಬಾರಿಸಲಿಲ್ಲ.

“ವಿಳಾಸ ಕೇಳ್ತಿದಾರೆ,” ಎಂದ ಸಿದ್, ಫೋನನ್ನು ಎದೆಗೊತ್ತಿಕೊಂಡು. “ವಾಟ್ ಡೂ ಐ ಟೆಲ್ ದೆಮ್? ವೇರ್?”

ನಾವು ಆ ಹುಡುಗಿಯನ್ನು ಕಳ್ಳಿ ಮಾಡಿ ಇನ್ನೂ ಐದು ನಿಮಿಷ ಆಗಿರಲಿಲ್ಲ. ಪಿನ್ನು ತಟ್ಟೆ ಸೇರಿದ್ದು ಮಂಗಳವಾರ. ಅವಳು ಅಜ್ಜನನ್ನು ಕಂಡದ್ದು ಇವತ್ತು. ನಮ್ಮ ಕಡೆಯ ಕೈ ಇನ್ನೊಂದಿತ್ತು. ಅದು ನಮಗೆ ಕಾಫಿ ಕೊಟ್ಟಿತ್ತು.

ಹೇಳಲು ಬಾಯಿ ತೆರೆದೆ. ನನ್ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿ ಭಾನುವಿನ ಮುಂದೆ ಹಿಡಿದೆ. ಡಾಕ್ಟರ್ ಮೃತ್ಯುಂಜಯ.

“ಎತ್ತಿ,” ಎಂದಳು ತುಟಿ ಅಲುಗಿಸದೆ. “ಏನೂ ಗೊತ್ತಿಲ್ಲದೋರ ಹಾಗೆ. ಅದು ನಿಮಗೆ ಕಷ್ಟವೇನಲ್ಲ.”

ಎತ್ತಿದೆ.

“ಸುಬ್ಬು ಅವರೇ! ಊಟ ಆಯ್ತಾ?” ಜೇನು ಸವರಿದ ಮೈಸೂರು ಧ್ವನಿ.

“ಆಯ್ತು ಡಾಕ್ಟ್ರೇ. ನಿಮ್ಮದು?”

“ಆಯ್ತು, ಆಯ್ತು. ಕ್ಷಮಾ ಏನಾದ್ರೂ ನಿಮ್ಮನೆ ಕಡೆ ಬಂದಿದ್ಲಾ? ಬೆಳಿಗ್ಗೆ ವಿಚಾರಣೆ ಮುಗಿಸಿ ಹೋದೋಳು ಫೋನೇ ಎತ್ತುತಾ ಇಲ್ಲ, ಪಾಪ ಹುಡುಗಿ. ನಂಗ್ಯಾಕೋ ಯೋಚನೆ.”

“ಇಲ್ವಲ್ಲಾ ಡಾಕ್ಟ್ರೇ. ತಾವು ಎಲ್ಲಿದ್ದೀರಿ?”

“ಇನ್ನೆಲ್ಲಿ? ಪೆರಿವಿಂಕಲ್‌ನಲ್ಲೇ, ನನ್ನ ಕೋಣೇಲೇ ಕೂತಿದೀನಿ.”

ಭಾನು ನನ್ನ ಮಣಿಕಟ್ಟನ್ನು ಉಗುರು ಊರುವಂತೆ ಹಿಡಿದಳು. ಜಿಂಕೆ ಹುಲ್ಲು ಮೇಯುವ ಸದ್ದೂ ಕೇಳುವ, ನಿನ್ನೆ ಒಂದು ವಿಮಾನದ ಸದ್ದೂ ಇಲ್ಲದಿದ್ದ ಆ ಕೋಣೆಯಿಂದ, ಡಾಕ್ಟರ ಮಾತಿನ ಹಿಂದಿನಿಂದ, ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ ಕೇಳಿಸತೊಡಗಿತು.

ಟಕ-ಟಕ-ಟಕ-ಟಪ್.